ನಿಮ್ಮದು ಯಾವ ಸಭಾರೀ?

ಹುಬ್ಬಳ್ಳಿಯಿಂದ ಹೊರಟ ಚಿಗರಿ ಬಸ್ಸು ಉಣಕಲ್ಲು, ಬೈರಿದೇವರಕೊಪ್ಪ, ನವನಗರ ದಾಟಿ ರಾಯಾಪುರದಲ್ಲಿ ನಿಲ್ಲುತ್ತದೆ. ಕೈಗಾರಿಕಾ ಪ್ರದೇಶ, ಇಸ್ಕಾನ್ ದೇವಸ್ಥಾನ, ಶಾಲೆ ಮಕ್ಕಳಿಗೆ ಬಿಸಿಯೂಟ ಬೇಯಿಸುವ ಅಕ್ಷಯ ಪಾತ್ರೆಯ ದೊಡ್ಡ ಅಡುಗೆಮನೆ: ರಾಯಾಪುರ ಎಂದರೆ ಹೊರಗಿನವರಿಗೆ ಇಷ್ಟೇ ನೆನಪಾಗುವುದು. ಊರಿಗೆ ಇನ್ನೊಂದು ಗುಣವೂ ಇದೆ. ಅದು ಅತ್ತ ಪೂರ್ತಿ ಹುಬ್ಬಳ್ಳಿಯೂ ಅಲ್ಲ, ಇತ್ತ ಪೂರ್ತಿ ಧಾರವಾಡವೂ ಅಲ್ಲ. ಬೀದರದಿಂದಲೋ ಮೈಸೂರಿನಿಂದಲೋ ವರ್ಗವಾಗಿ ಬಂದು ಇಲ್ಲಿ ಬಾಡಿಗೆ ಮನೆ ಹಿಡಿದ ಕ್ರೈಸ್ತ ಕುಟುಂಬವೊಂದು ಮೊದಲ ಭಾನುವಾರ ಯಾವ ದಿಕ್ಕಿನ ಬಸ್ಸು ಹತ್ತಬೇಕು ಎಂದು ಯೋಚಿಸಲೇಬೇಕು. ಯಾವ ಚರ್ಚಿಗೆ ಹೋದರೂ ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹಿರಿಯರೊಬ್ಬರು ಅಕ್ಕರೆಯಿಂದಲೇ ಕೇಳುತ್ತಾರೆ: ‘ನಿಮ್ಮದು ಯಾವ ಸಭಾರೀ?’

ಮೇಲುನೋಟಕ್ಕೆ ಇದು ನಂಬಿಕೆಯ ಪ್ರಶ್ನೆ. ಮಗುವಿಗೆ ದೀಕ್ಷಾಸ್ನಾನ ಕೊಡುತ್ತೀರೋ, ದೊಡ್ಡವರಾದ ಮೇಲೆ ನೀರಲ್ಲಿ ಮುಳುಗಿಸುತ್ತೀರೋ? ಬಿಷಪ್ಪರನ್ನು ಒಪ್ಪುತ್ತೀರೋ, ಹಿರಿಯರ ಪಂಚಾಯತಿ ಸಾಕೆನ್ನುತ್ತೀರೋ? ಆದರೆ ಈ ಭಾಗದ ಇತಿಹಾಸ ಕೆದಕಿದರೆ ಬೇರೆಯೇ ಕಥೆ ಸಿಗುತ್ತದೆ. ಯಾರು ಯಾವ ಸಭೆಯವರು ಎಂಬುದನ್ನು ಬಹುಪಾಲು ತೀರ್ಮಾನಿಸಿದ್ದು ಅವರ ನಂಬಿಕೆಯಲ್ಲ. ಅಜ್ಜ ಯಾವ ಜಿಲ್ಲೆಯಲ್ಲಿ ಹುಟ್ಟಿದ, ಯಾವ ರೈಲು ಹತ್ತಿ ಬಂದ, ಯುರೋಪಿನಲ್ಲಿ ಯಾವಾಗ ಯುದ್ಧ ಹತ್ತಿತು ಎಂಬ ಸಂಗತಿಗಳು.

ಪ್ರಾಟೆಸ್ಟೆಂಟರ ಕಥೆ ಬಾಸೆಲ್ ಮಿಷನ್ನಿನಿಂದ ಶುರುವಾಗುತ್ತದೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1815ರಲ್ಲಿ ಹುಟ್ಟಿದ ಈ ಸಂಸ್ಥೆಯ ಮೂವರು ಪಾದ್ರಿಗಳು, ಸ್ಯಾಮ್ಯುಯೆಲ್ ಹೆಬಿಕ್, ಲೆಹ್ನರ್ ಮತ್ತು ಗ್ರೈನರ್, 1834ರಲ್ಲಿ ಮಂಗಳೂರಿಗೆ ಬಂದರು. ಹಿಂದಿನ ವರ್ಷವಷ್ಟೇ ಈಸ್ಟ್ ಇಂಡಿಯಾ ಕಂಪನಿಯ ಸನ್ನದು ನವೀಕರಣವಾಗಿ, ಬ್ರಿಟಿಷರಲ್ಲದ ಪಾದ್ರಿಗಳಿಗೂ ದಾರಿ ತೆರೆದಿತ್ತು. 1837ರಲ್ಲಿ ಧಾರವಾಡ, 1839ರಲ್ಲಿ ಹುಬ್ಬಳ್ಳಿ, 1841ರಲ್ಲಿ ಗದಗದ ಬೆಟಗೇರಿ, 1851ರಲ್ಲಿ ಗುಳೇದಗುಡ್ಡ. ಹೀಗೆ ಘಟ್ಟದ ಮೇಲಿನ ಬಯಲುಸೀಮೆಯಲ್ಲಿ ಅವರ ಠಾಣೆಗಳು ಬೆಳೆದವು.

ಇಲ್ಲಿ ಒಂದು ಸ್ವಾರಸ್ಯವಿದೆ. ಬಾಸೆಲ್ ಮಿಷನ್ ಯಾವುದೇ ಒಂದು ಪಂಗಡದ ಆಸ್ತಿಯಾಗಿರಲಿಲ್ಲ. ಅದರ ಪಾದ್ರಿಗಳಲ್ಲಿ ಹೆಚ್ಚಿನವರು ದಕ್ಷಿಣ ಜರ್ಮನಿಯ ವ್ಯುರ್ಟೆಂಬರ್ಗಿನ ಲೂಥರನ್ ಭಕ್ತಿಪಂಥದಿಂದ ಬಂದವರು. ಆಡಳಿತ, ತರಬೇತಿ ಸ್ವಿಸ್ ಸುಧಾರಿತ ಸಭೆಯ ನಗರದ್ದು. ಯುರೋಪಿನಲ್ಲಿ ಈ ಎರಡು ಪಂಗಡಗಳು ಕರ್ತನ ಭೋಜನದ ರೊಟ್ಟಿಯಲ್ಲಿ ಕ್ರಿಸ್ತ ಹೇಗೆ ಇರುತ್ತಾನೆ ಎಂಬುದರ ಮೇಲೆ ಮುನ್ನೂರು ವರ್ಷ ಜಗಳಾಡಿದ್ದವು. ಧಾರವಾಡದ ನೇಕಾರನಿಗೋ ಒಕ್ಕಲಿಗನಿಗೋ ಆ ಜಗಳದ ಗಾಳಿಯೂ ಸೋಕಲಿಲ್ಲ. ಅವನಿಗೆ ಸಿಕ್ಕಿದ್ದು ಎರಡನ್ನೂ ಬೆರೆಸಿ, ಹದ ಮಾಡಿ, ಕನ್ನಡದಲ್ಲಿ ಬಡಿಸಿದ ಧರ್ಮ. ನೀನು ಲೂಥರನ್ನೋ ಸುಧಾರಿತ ಸಭೆಯವನೋ ಎಂದು ಕೇಳಿದರೆ ಅವನ ಉತ್ತರ ಒಂದೇ: ನಾವು ಬಾಸೆಲ್ ಮಿಷನ್ನಿನವರು. ಈ ಉತ್ತರ ಇವತ್ತಿಗೂ ಹಳೆಯ ಮನೆಗಳಲ್ಲಿ ಚಾಲ್ತಿಯಲ್ಲಿದೆ.

ಹಾಗೆಂದು ಇಲ್ಲಿನ ಜನ ತಮ್ಮ ನಂಬಿಕೆ ಹೊತ್ತು ಬರಲೇ ಇಲ್ಲ ಎನ್ನುವಂತಿಲ್ಲ. ಹುಬ್ಬಳ್ಳಿ ಠಾಣೆ ತೆರೆದ ಹೊಸತರಲ್ಲಿ ಸುತ್ತಲಿನ ಕಾಲಜ್ಞಾನದ ಅನುಯಾಯಿಗಳು ಪಾದ್ರಿಗಳನ್ನು ಹುಡುಕಿಕೊಂಡು ಬಂದರು. ಪರದೇಶದಿಂದ ಗುರುಗಳು ಬರುತ್ತಾರೆ ಎಂದು ಅವರ ಕಾಲಜ್ಞಾನದಲ್ಲಿ ಮೊದಲೇ ಹೇಳಿತ್ತಂತೆ. ಸಾವಿರಾರು ಜನ ಒಮ್ಮೆಗೇ ಸೇರುತ್ತಾರೆಂದು ಪಾದ್ರಿಗಳು ಹಿರಿಹಿರಿ ಹಿಗ್ಗಿದರು. ಅಂಥವರಿಗೆಂದೇ ಗದಗ ಹತ್ತಿರದ ಮಲಸಮುದ್ರದಲ್ಲಿ 1841ರಲ್ಲಿ ಹೊಲ, ಮನೆಗಳ ಒಂದು ಒಕ್ಕಲುತನದ ವಸತಿ ಎದ್ದಿತು. ನಿರೀಕ್ಷಿಸಿದ ಜನ ಬರಲಿಲ್ಲ. ಬಂದವರು ಹುಡುಕುತ್ತಿದ್ದುದು ತಮ್ಮ ಕಾಲಜ್ಞಾನಕ್ಕೆ ಒಪ್ಪುವ ಗುರುವನ್ನು; ಪಾದ್ರಿಗಳು ಹುಡುಕುತ್ತಿದ್ದುದು ಕಾಲಜ್ಞಾನವನ್ನು ಬಿಟ್ಟುಬರುವ ಶಿಷ್ಯರನ್ನು. ಮನಸ್ಸಿಗೆ ಒಪ್ಪುವ ಸಭೆ ಹುಡುಕಿದವರ ದಾಖಲೆ ಈ ಭಾಗದಲ್ಲಿ ಬೇಕೆಂದರೆ ಬಹುಶಃ ಇವರಿಂದಲೇ ತೊಡಗಬೇಕು. ಅವರಿಗೆ ಅದು ಸಿಗಲಿಲ್ಲ ಎಂಬುದು ಬೇರೆ ಮಾತು.

ಉಳಿದವರ ಪಾಲಿಗೆ ಆಯ್ಕೆ ಮಾಡಿದ್ದು ನಕಾಶೆ. ಹತ್ತೊಂಬತ್ತನೆಯ ಶತಮಾನದ ಮಿಷನ್ನುಗಳು ಒಬ್ಬರ ಹೊಲಕ್ಕೆ ಇನ್ನೊಬ್ಬರು ನುಗ್ಗಬಾರದು ಎಂದು ತಮ್ಮತಮ್ಮಲ್ಲೇ ಒಪ್ಪಂದ ಮಾಡಿಕೊಂಡಿದ್ದವು. ಅಣ್ಣತಮ್ಮಂದಿರು ಹಿಸೆ ಹಂಚಿಕೊಂಡ ಹಾಗೆ ಕನ್ನಡನಾಡು ಪಾಲಾಯಿತು. ಧಾರವಾಡ ಸೀಮೆ ಬಾಸೆಲ್‌ನವರಿಗೆ. ಬಳ್ಳಾರಿ, ಬೆಳಗಾವಿ ಲಂಡನ್ ಮಿಷನ್ನಿಗೆ. ಬೆಳಗಾವಿಯಲ್ಲಿ ಜೋಸೆಫ್ ಟೇಲರ್ 1820ರಿಂದಲೇ ನೆಲೆಸಿದ್ದರು. ಮೈಸೂರು ಸಂಸ್ಥಾನದಲ್ಲಿ ಇಂಗ್ಲೆಂಡಿನ ವೆಸ್ಲಿಯನ್ ಮೆಥೋಡಿಸ್ಟರದು ದೊಡ್ಡ ಕೈ. ಲಂಡನ್ ಮಿಷನ್ 1904ರಲ್ಲಿ ಬೆಳಗಾವಿಯನ್ನು ಅಮೆರಿಕದ ಮೆಥೋಡಿಸ್ಟ್ ಎಪಿಸ್ಕೋಪಲ್ ಮಿಷನ್ನಿಗೆ ಬಿಟ್ಟುಕೊಟ್ಟಿತು. ಅಂದರೆ ಬೆಳಗಾವಿಯ ಒಂದು ಕುಟುಂಬ ಮನೆ ಬದಲಿಸದೆ, ಮನಸ್ಸು ಬದಲಿಸದೆ, ಲಂಡನ್ ಮಿಷನ್ನಿನ ಕಾಂಗ್ರಿಗೇಷನಲ್ ಪರಂಪರೆ ಬಿಟ್ಟು ಮೆಥೋಡಿಸ್ಟ್ ಆಯಿತು. ಅಲ್ಲಿಂದ ಧಾರವಾಡ ಎಂಬತ್ತು ಕಿಲೋಮೀಟರು ಕೂಡ ದೂರವಿಲ್ಲ. ಧಾರವಾಡದ ಹುಡುಗಿಯನ್ನು ಬೆಳಗಾವಿಗೆ ಕೊಟ್ಟರೆ, ಅವಳು ರೈಲಿನಿಂದ ಇಳಿಯುವ ಹೊತ್ತಿಗೆ ಪಂಗಡವೂ ಬದಲಾಗಿರುತ್ತಿತ್ತು.

ಮೈಸೂರಿನ ಮೆಥೋಡಿಸ್ಟರೂ ಬೆಳಗಾವಿಯ ಮೆಥೋಡಿಸ್ಟರೂ ಒಂದೇ ಎಂದುಕೊಳ್ಳುವವರು ಇಂದಿಗೂ ಇದ್ದಾರೆ. ಒಂದೇ ಹೆಸರು, ಬೇರೆ ತವರು. ಬ್ರಿಟಿಷ್ ಮೂಲದ ಮೈಸೂರಿನವರು 1947ರಲ್ಲಿ ದಕ್ಷಿಣ ಭಾರತ ಸಭೆಗೆ, ಅಂದರೆ ಸಿಎಸ್‌ಐಗೆ, ಸೇರಿಬಿಟ್ಟರು. ಅಮೆರಿಕದ ಮೂಲದ ಬೆಳಗಾವಿ, ಬೀದರ, ಕೋಲಾರದವರು ಹೊರಗೇ ಉಳಿದರು. 1981ರಿಂದ ಅವರದು ಸ್ವತಂತ್ರ ಮೆಥೋಡಿಸ್ಟ್ ಚರ್ಚ್ ಇನ್ ಇಂಡಿಯಾ. ಬೀದರದಿಂದ ರಾಯಾಪುರಕ್ಕೆ ಬಂದ ಮೆಥೋಡಿಸ್ಟರಿಗೆ ಹುಬ್ಬಳ್ಳಿಯ ಸಿಎಸ್‌ಐ ಚರ್ಚು ಕೊಂಚ ಅನ್ಯವೆನಿಸುವುದಕ್ಕೂ, ಮೈಸೂರಿನಿಂದ ಬಂದವರಿಗೆ ಹಾಗೆ ಅನಿಸದಿರುವುದಕ್ಕೂ ಕಾರಣ ಇಲ್ಲಿದೆ.

ನಕಾಶೆ ಎಳೆದ ಗೆರೆಗಳನ್ನು ರೈಲು ಅಳಿಸಿತು. ಸದರ್ನ್ ಮರಾಠಾ ರೈಲ್ವೆ ಕಂಪನಿ 1882ರಲ್ಲಿ ಹುಟ್ಟಿ, ಹುಬ್ಬಳ್ಳಿಯಲ್ಲಿ ವರ್ಕ್‌ಶಾಪ್ ಎದ್ದ ಮೇಲೆ ತಮಿಳರು, ತೆಲುಗರು, ಆಂಗ್ಲೋ ಇಂಡಿಯನ್ನರು, ಗೋವೆಯ ಕೊಂಕಣಿಗರು ಬಂದರು. ಅವರ ಜೊತೆ ಅವರ ಸಭೆಗಳೂ ಬಂದವು. ಸಾಹೇಬರಿಗೆ ಆಂಗ್ಲಿಕನ್ ಚರ್ಚು ಬೇಕಿತ್ತು. ಧಾರವಾಡದ ಆಲ್ ಸೇಂಟ್ಸ್ ಚರ್ಚು ಆ ಪರಂಪರೆಯದು. ಗೋವೆಯವರಿಗೆ ಕಥೋಲಿಕ ಇಗರ್ಜಿ ಬೇಕಿತ್ತು.

ಕಥೋಲಿಕರಲ್ಲಾದರೂ ಇಂಥ ಗೊಂದಲವಿಲ್ಲ ಎನ್ನುತ್ತೀರಾ? ಅವರಿಗೂ ಬಹುಕಾಲ ಇಬ್ಬರು ಯಜಮಾನರಿದ್ದರು. ಪೋರ್ಚುಗಲ್ ದೊರೆಯ ಹಕ್ಕಿನಲ್ಲಿ ನಡೆಯುತ್ತಿದ್ದ ಗೋವೆಯ ಆರ್ಚ್‌ಬಿಷಪ್ಪರದು ಒಂದು ಅಧಿಕಾರ. ರೋಮ್ ನೇರವಾಗಿ ನೇಮಿಸಿದ ಪಾದ್ರಿಗಳದು ಇನ್ನೊಂದು. ಪಶ್ಚಿಮ ಭಾರತದ ಎಷ್ಟೋ ಊರುಗಳಲ್ಲಿ ಒಂದೇ ಧರ್ಮದ, ಒಂದೇ ಪೂಜೆಯ ಜನ ಈ ಕಾರಣಕ್ಕೆ ಎರಡಾಗಿ ಒಡೆದಿದ್ದರು. ಬೆಳಗಾವಿ ಧರ್ಮಕ್ಷೇತ್ರ 1953ರಲ್ಲಿ ಹುಟ್ಟಿದಾಗ ಅದಕ್ಕೆ ನೆಲ ಬಂದದ್ದು ಎರಡು ಕಡೆಯಿಂದ: ಕೆಲವಷ್ಟು ಗೋವೆಯಿಂದ, ಕೆಲವಷ್ಟು ಪುಣೆಯಿಂದ. ಹುಬ್ಬಳ್ಳಿ-ಧಾರವಾಡದ ಕಥೋಲಿಕರು ಇವತ್ತು ಆ ಧರ್ಮಕ್ಷೇತ್ರಕ್ಕೆ ಸೇರಿದವರು. ಅವರ ಮಾತಿನಲ್ಲಿ ಮಗುವಿಗೆ ಆಗುವುದು ಜ್ಞಾನಸ್ನಾನ, ಭಾನುವಾರ ಹೋಗುವುದು ಪೂಜೆಗೆ, ಕಾಣುವುದು ಫಾದರ್‌ರನ್ನು. ಪಕ್ಕದ ಬೀದಿಯ ಸಿಎಸ್‌ಐನವರಿಗೆ ಅದೇ ಮಗುವಿನದು ದೀಕ್ಷಾಸ್ನಾನ, ಭಾನುವಾರದ್ದು ಆರಾಧನೆ, ಕಾಣುವುದು ಪಾಸ್ಟರನ್ನು ಅಥವಾ ಅಯ್ಯನವರನ್ನು. ಬಾಯಿಂದ ಮೊದಲ ವಾಕ್ಯ ಬೀಳುವಷ್ಟರಲ್ಲಿ ಯಾರು ಎಲ್ಲಿಯವರೆಂದು ಗೊತ್ತಾಗಿಬಿಡುತ್ತದೆ.

ಮತ್ತೆ ಬಾಸೆಲ್‌ನವರ ಕಥೆಗೆ ಬಂದರೆ, ರೈಲಾದ ಮೇಲೆ ಯುದ್ಧ. 1914ರಲ್ಲಿ ಇಂಗ್ಲೆಂಡ್-ಜರ್ಮನಿ ಕಾಳಗಕ್ಕಿಳಿದಾಗ ಬಾಸೆಲ್ ಪಾದ್ರಿಗಳಲ್ಲಿ ಜರ್ಮನರಾದವರೆಲ್ಲ ರಾತ್ರಿ ಬೆಳಗಾಗುವುದರೊಳಗೆ ಶತ್ರು ದೇಶದ ಪ್ರಜೆಗಳಾದರು. ಅವರನ್ನು ಬಂಧನ ಶಿಬಿರಗಳಲ್ಲಿಟ್ಟು, ಕೊನೆಗೆ ಹಡಗು ಹತ್ತಿಸಿ ದೇಶಕ್ಕೆ ಕಳಿಸಿದರು. ಮಲಬಾರಿನ ಸಭೆಗಳು ಸೌತ್ ಇಂಡಿಯಾ ಯುನೈಟೆಡ್ ಚರ್ಚಿನ ಕಡೆ ವಾಲಿದವು. ಧಾರವಾಡ ಸೀಮೆಯನ್ನು ಸ್ವಿಸ್ ಜನ ಹೊಸದಾಗಿ ಕಟ್ಟಿದ ಕೆನರೀಸ್ ಇವ್ಯಾಂಜೆಲಿಕಲ್ ಮಿಷನ್ ವಹಿಸಿಕೊಂಡಿತು. ಬಾಸೆಲ್‌ನವರು ಮತ್ತೆ ಮರಳಿ ಬರಲು 1920ರ ದಶಕದ ಕೊನೆಯೇ ಆಯಿತು. ಹೆಸರು ಬದಲಾಯಿತು, ಪಾದ್ರಿಯ ಪಾಸ್‌ಪೋರ್ಟು ಬದಲಾಯಿತು. ಹಾಡಿನ ಪುಸ್ತಕ ಮಾತ್ರ ಅದೇ ಉಳಿಯಿತು.

ಆ ಹಾಡುಗಳ ಬಗ್ಗೆ ಒಂದು ಮಾತು ಹೇಳದೆ ಮುಂದೆ ಹೋಗಲಾಗದು. ಬಾಸೆಲ್ ಸಭೆಗಳಲ್ಲಿ ಜರ್ಮನ್ ಧಾಟಿಗೆ ಕನ್ನಡ ಪದ ಕೂರಿಸಿ ಹಾಡುವ ಪದ್ಧತಿ ಬೆಳೆದಿತ್ತು. ಇದು ಸಾಲದೆಂದು ಅನಿಸಿದವರಲ್ಲಿ ಫರ್ಡಿನಾಂಡ್ ಕಿಟ್ಟೆಲ್ ಒಬ್ಬರು. 1853ರಲ್ಲಿ ಬಂದು ಧಾರವಾಡ, ಹುಬ್ಬಳ್ಳಿ ಸೀಮೆಯಲ್ಲೂ ದುಡಿದ ಅವರು 1862ರಲ್ಲಿ ‘ಕಥಾಮಾಲೆ’ ಎಂಬ ಕೃತಿಯಲ್ಲಿ ಯೇಸುವಿನ ಚರಿತ್ರೆಯನ್ನು ಕನ್ನಡದ ದೇಸಿ ಛಂದಸ್ಸಿಗೆ ಇಳಿಸಿದರು. 1894ರ ನಿಘಂಟು ಎಲ್ಲರಿಗೂ ಗೊತ್ತು. ‘ಕಥಾಮಾಲೆ’ ಗೊತ್ತಿರುವವರು ಕಡಿಮೆ. ಇನ್ನೂ ಮುಂದೆ ಹೋದವರು ಉತ್ತಂಗಿ ಚನ್ನಪ್ಪ. 1881ರಲ್ಲಿ ಧಾರವಾಡದಲ್ಲಿ ಹುಟ್ಟಿ ಬಾಸೆಲ್ ಮಿಷನ್ನಿನ ಪಾದ್ರಿಯಾದ ಅವರು ಊರೂರು ಅಲೆದು ಸರ್ವಜ್ಞನ ತ್ರಿಪದಿ ಕೂಡಿಹಾಕಿದರು. 1924ರಲ್ಲಿ ಬಂದ ಆ ಸಂಗ್ರಹವಿಲ್ಲದೆ ಇವತ್ತಿನ ನಮ್ಮ ಸರ್ವಜ್ಞ ಇಲ್ಲ. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಬರೆದವರೂ ಅವರೇ, ಸಿದ್ಧರಾಮನ ಸಾಹಿತ್ಯ ಸಂಗ್ರಹಿಸಿದವರೂ ಅವರೇ. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಲೂಥರನ್, ಸುಧಾರಿತ, ಆಂಗ್ಲಿಕನ್ ಎಂಬ ಯುರೋಪಿನ ಖಾನೆಗಳಲ್ಲಿ ಇಂಥ ಮನುಷ್ಯನನ್ನು ಎಲ್ಲಿಡುವುದು? ಅವರ ಕ್ರೈಸ್ತ ಧರ್ಮದ ಸೋದರಸಂಬಂಧ ಅನುಭವ ಮಂಟಪದ ಜೊತೆಗಿತ್ತು. ಇದಕ್ಕೆ ಹೊಂದುವ ಪಂಗಡದ ಹೆಸರು ಯಾವ ರಿಜಿಸ್ಟರಿನಲ್ಲೂ ಇಲ್ಲ.

1947ರ ಸೆಪ್ಟೆಂಬರ್ 27ರಂದು ಮದ್ರಾಸಿನಲ್ಲಿ ಸಿಎಸ್‌ಐ ಹುಟ್ಟಿತು. ಬಿಷಪ್ಪರಿದ್ದ ಆಂಗ್ಲಿಕನ್ನರೂ ಬಿಷಪ್ಪರಿಲ್ಲದ ಮೆಥೋಡಿಸ್ಟ್, ಕಾಂಗ್ರಿಗೇಷನಲ್, ಪ್ರೆಸ್ಬಿಟೇರಿಯನ್ ಪರಂಪರೆಗಳೂ ಒಂದಾಗಿದ್ದು ಲೋಕದ ಚರ್ಚಿನ ಇತಿಹಾಸದಲ್ಲೇ ಹೊಸ ಸಂಗತಿ. ಆದರೆ ಮುಂಬೈ ಪ್ರಾಂತದಲ್ಲಿದ್ದ ಧಾರವಾಡ ಸೀಮೆಯ ಬಾಸೆಲ್ ಸಭೆಗಳು ಆ ದಿನ ಒಳಗೆ ಬರಲಿಲ್ಲ. ಹಿರಿಯರನ್ನು ಆರಿಸಿ, ಸಭೆ ಕೂಡಿಸಿ ತೀರ್ಮಾನ ಮಾಡುವ ರೂಢಿಯವರಿಗೆ ಬಿಷಪ್ಪರ ಕೈಕೆಳಗೆ ಹೋಗುವುದು ಸಣ್ಣ ಮಾತಲ್ಲ. ಇಪ್ಪತ್ತೊಂದು ವರ್ಷ ಕಳೆದು 1968ರಲ್ಲಿ ಅವು ಸೇರಿದವು. 1970ರಲ್ಲಿ ಮೈಸೂರು ಡಯಾಸಿಸ್ ಮೂರಾಗಿ, ಕರ್ನಾಟಕ ಉತ್ತರ ಡಯಾಸಿಸ್ಸಿಗೆ ಧಾರವಾಡವೇ ಕೇಂದ್ರವಾಯಿತು. ಎಲ್ಲರಿಗೂ ಇದು ಒಪ್ಪಿಗೆಯಾಗಲಿಲ್ಲ. ಬಾಸೆಲ್ ಹೆಸರನ್ನೇ ಹಿಡಿದು ಬೇರೆ ಉಳಿದವರೂ ಇದ್ದರು. ಹಳೆಯ ಮಿಷನ್ ಆಸ್ತಿ ಯಾರದೆಂಬ ತಕರಾರು ಕೋರ್ಟಿನ ಮೆಟ್ಟಿಲು ಹತ್ತಿತು. ದೇವಶಾಸ್ತ್ರದ ಭಿನ್ನಮತ ಒಂದೆರಡು ತಲೆಮಾರಿಗೆ ಮಾಸುತ್ತದೆ, ಕಂಪೌಂಡಿನ ಸರ್ವೆ ನಂಬರು ಮಾಸುವುದಿಲ್ಲ.

ಧಾರವಾಡದ ಹೆಬಿಕ್ ಮೆಮೋರಿಯಲ್, ಹುಬ್ಬಳ್ಳಿಯ ಮೇಯರ್ ಮೆಮೋರಿಯಲ್ ಚರ್ಚುಗಳ ಫಲಕದಲ್ಲಿ ಇಂದು ಸಿಎಸ್‌ಐ ಎಂದಿದೆ, ಹೆಸರಿನಲ್ಲಿ ಬಾಸೆಲ್‌ನ ನೆನಪಿದೆ. ಹೆಬಿಕ್ ಹೆಚ್ಚು ಕಾಲ ಕಳೆದದ್ದು ಕಣ್ಣೂರಿನಲ್ಲಿ ಎಂಬುದು ಈಗ ಯಾರಿಗೂ ದೊಡ್ಡ ವಿಷಯವಲ್ಲ.

ನಂಬಿಕೆಗೆ ತಕ್ಕ ಸಭೆಯನ್ನು ತಾನೇ ಆರಿಸುವ ರೂಢಿ ಇಲ್ಲಿ ವ್ಯಾಪಕವಾದದ್ದು ಪೆಂಟೆಕೋಸ್ಟ್ ಮತ್ತು ಸ್ವತಂತ್ರ ಸಭೆಗಳು ಬಂದ ಮೇಲೆ. ಬಾಡಿಗೆ ಹಾಲು, ಕೀಬೋರ್ಡು, ಉಪವಾಸ ಪ್ರಾರ್ಥನೆ, ಅನ್ಯಭಾಷೆ, ಕೈ ತಟ್ಟಿ ಹಾಡುವ ಹಾಡು. ಇಲ್ಲಿ ಅಜ್ಜನ ಜಿಲ್ಲೆ ಯಾವುದೆಂದು ಯಾರೂ ಕೇಳುವುದಿಲ್ಲ. ಮಗುವಾಗಿದ್ದಾಗ ತಲೆಗೆ ನೀರು ಹಾಕಿಸಿಕೊಂಡವರು ಮತ್ತೆ ನೀರಿಗಿಳಿಯಬೇಕು ಎನ್ನುತ್ತಾರೆ, ಹಳೆಯ ಸಭೆಯ ಪಾಸ್ಟರಿಗೆ ಅದು ಅವಮಾನವೆನಿಸುತ್ತದೆ. ಹೊರಗಿನ ಕಣ್ಣೂ ಇಂಥ ಸಭೆಗಳ ಮೇಲೆ ಹೆಚ್ಚು. 2021ರ ಅಕ್ಟೋಬರಿನಲ್ಲಿ ರಾಯಾಪುರಕ್ಕೆ ಹೋಗುವ ಇದೇ ಹಾದಿಯ ಬೈರಿದೇವರಕೊಪ್ಪದಲ್ಲಿ ಮತಾಂತರದ ಆರೋಪ ಹೊರಿಸಿದ ಗುಂಪೊಂದು ಪ್ರಾರ್ಥನಾ ಸ್ಥಳದೊಳಗೆ ಕುಳಿತು ಭಜನೆ ಹಾಡಿತು. ಮರುವರ್ಷ ರಾಜ್ಯದಲ್ಲಿ ಮತಾಂತರ ತಡೆ ಕಾಯ್ದೆ ಬಂತು. ಅದನ್ನು ಹಿಂಪಡೆಯಲು ಮುಂದಿನ ಸರ್ಕಾರದ ಸಂಪುಟ 2023ರ ಜೂನಿನಲ್ಲಿ ತೀರ್ಮಾನಿಸಿತು.

ಹೀಗೆ ಆರಿಸಿಕೊಂಡವರು ಹಳೆಯದನ್ನು ಪೂರ್ತಿ ಬಿಡುವುದೂ ಅಪರೂಪ. ಭಾನುವಾರ ಬೆಳಿಗ್ಗೆ ಹೊಸ ಸಭೆಯಲ್ಲಿ ಹಾಡಿ, ವರ್ಷದ ಚಂದಾವನ್ನು ಮಾತ್ರ ತಪ್ಪದೆ ಹಳೆಯ ಚರ್ಚಿಗೆ ಕಟ್ಟುವ ಮನೆಗಳಿವೆ. ಮಗಳ ಮದುವೆಗೆ ಮೂರು ಭಾನುವಾರ ಪ್ರಕಟಣೆ ಓದಿಸಬೇಕು. ಬೀಗರ ಊರಿನ ಪಾಸ್ಟರು ಸದಸ್ಯತ್ವದ ಪತ್ರ ಕೇಳುತ್ತಾರೆ. ಅದಕ್ಕಿಂತ ಮುಖ್ಯ ಮಣ್ಣು. ಬಾಡಿಗೆ ಹಾಲಿನ ಸಭೆಗೆ ಸ್ವಂತ ಸ್ಮಶಾನ ಇರುವುದಿಲ್ಲ. ಅಜ್ಜ, ಅಜ್ಜಿ, ಅಪ್ಪ ಮಲಗಿರುವ ಮಿಷನ್ ಸ್ಮಶಾನದಲ್ಲಿ ಆರಡಿ ಜಾಗ ಸಿಗಬೇಕಾದರೆ ಹಳೆಯ ರಿಜಿಸ್ಟರಿನಲ್ಲಿ ಹೆಸರು ಉಳಿದಿರಬೇಕು. ರಾಯಾಪುರದ ನಿಲ್ದಾಣದಲ್ಲಿ ಹುಬ್ಬಳ್ಳಿ ಕಡೆಯ ಬಸ್ಸು ಕಾಯುವವರ ಚೀಲದಲ್ಲಿ ಸತ್ಯವೇದದ ಜೊತೆ ಆ ಚಂದಾ ರಸೀದಿಯೂ ಮಡಚಿಟ್ಟಿರುತ್ತದೆ.