ರಾಯಚೂರಿನಿಂದ ಕೆಡಗಾಂವಕ್ಕೆ

ಪುಣೆಯಲ್ಲಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಬೆಂಗಳೂರು ಕಡೆ ಹೊರಟ ಕನ್ನಡಿಗರು ದೌಂಡ್ ಬರುವ ತನಕ ಕಿಟಕಿಯಾಚೆ ನೋಡುವುದು ಕಡಿಮೆ. ಬ್ಯಾಗುಗಳನ್ನು ಸೀಟಿನ ಕೆಳಗೆ ತುರುಕುವುದು, ಎದುರಿಗೆ ಕೂತವರ ಊರು ಕೇಳುವುದು, ಇದರಲ್ಲೇ ಹೊತ್ತು ಹೋಗುತ್ತದೆ. ಅಷ್ಟರೊಳಗೆ ಕೆಡಗಾಂವ ಎಂಬ ಸಣ್ಣ ಸ್ಟೇಷನ್ ಹಿಂದೆ ಸರಿದಿರುತ್ತದೆ. ಅದೇ ಹಳಿ ಮುಂದೆ ಸೊಲ್ಲಾಪುರ ದಾಟಿ ಕಲಬುರಗಿಗೆ, ಅಲ್ಲಿಂದ ವಾಡಿ ಮೇಲೆ ಹಾಯ್ದು ರಾಯಚೂರಿಗೆ ಬರುತ್ತದೆ. ಕೆಡಗಾಂವ, ಕಲಬುರಗಿ, ರಾಯಚೂರು, ಈ ಮೂರೂ ಊರುಗಳಿಗೆ ಒಬ್ಬ ಹೆಂಗಸಿನ ಬದುಕಿನಲ್ಲಿ ಸಂಬಂಧವಿದೆ. ಆಕೆ ಪಂಡಿತಾ ರಮಾಬಾಯಿ.

ಪುಣೆಯಲ್ಲಿ ರಮಾಬಾಯಿ ಅಂದರೆ ಜನ ಮೊದಲು ಕೇಳುವುದು "ಯಾವ ರಮಾಬಾಯಿ?" ಅಂತ. ನ್ಯಾಯಮೂರ್ತಿ ರಾನಡೆಯವರ ಪತ್ನಿ ಒಬ್ಬರು, ಬಾಬಾಸಾಹೇಬ ಅಂಬೇಡ್ಕರರ ಪತ್ನಿ ಇನ್ನೊಬ್ಬರು. ಮೂರನೆಯವರಾದ ಇವರು ಕರ್ನಾಟಕದ ಘಟ್ಟದಲ್ಲಿ ಹುಟ್ಟಿದವರು ಅಂದರೆ ಇಲ್ಲಿಯವರು ಹುಬ್ಬೇರಿಸುತ್ತಾರೆ. ನಮ್ಮ ಕಡೆಯೂ ಅಷ್ಟೇ. ಹುಬ್ಬಳ್ಳಿಯಲ್ಲಿ ನಮ್ಮ ದೊಡ್ಡಮ್ಮನಿಗೆ ಒಮ್ಮೆ ಹೇಳಿದೆ. ಬಾಸೆಲ್ ಮಿಷನ್ ಮನೆತನದವರು, ಸತ್ಯವೇದವನ್ನು ಹಲವು ಸಲ ಓದಿ ಮುಗಿಸಿದವರು. "ಅಕಿ ಮರಾಠಿ ಮಂದಿ ಅಲ್ಲೇನೋ? ನಮ್ಮಾಕಿ ಹೆಂಗಾಗ್ತಾಳ?" ಅಂದುಬಿಟ್ಟರು. ಮನೆಮಾತು ಮರಾಠಿಯೇ, ಸುಳ್ಳಲ್ಲ. ಆದರೆ ಮನೆತನ ಕಾರ್ಕಳದ ಹತ್ತಿರದ ಮಾಳದ್ದು. ಹುಟ್ಟಿದ್ದು 1858ರ ಏಪ್ರಿಲ್‌ನಲ್ಲಿ, ಕುದುರೆಮುಖದ ಕಾಡಿನೊಳಗೆ, ತುಂಗಾ, ಭದ್ರಾ, ನೇತ್ರಾವತಿ ಮೂರೂ ಹುಟ್ಟುವ ಗಂಗಾಮೂಲದಲ್ಲಿ. ಬಲ್ಲ ಭಾಷೆಗಳಲ್ಲಿ ಕನ್ನಡವೂ ಒಂದು.

ಕಾಡಿನಲ್ಲಿ ಯಾಕೆ ಹುಟ್ಟಿದರು ಅನ್ನುವುದಕ್ಕೂ ಒಂದು ಕಥೆ ಇದೆ. ತಂದೆ ಅನಂತಶಾಸ್ತ್ರಿ ಡೋಂಗ್ರೆ ಪುಣೆಯಲ್ಲಿ ಓದುವಾಗ, ಪೇಶ್ವೆಯರ ಮನೆಯಲ್ಲಿ ಹೆಂಗಸೊಬ್ಬರು ಸಂಸ್ಕೃತ ಕಲಿಯುವುದನ್ನು ಕಂಡಿದ್ದರು. ತನ್ನ ಹೆಂಡತಿಗೂ ಕಲಿಸಬೇಕು ಅಂತ ಅಂದೇ ತಲೆಯಲ್ಲಿ ಕೂತಿತು. ಎರಡನೆಯ ಹೆಂಡತಿ ಲಕ್ಷ್ಮೀಬಾಯಿಗೆ ಕಲಿಸಿದರು ಕೂಡ. ಊರು ಸುಮ್ಮನಿರುತ್ತದೆಯೇ? ಉಡುಪಿಯಲ್ಲಿ ವಿದ್ವಾಂಸರ ಸಭೆ ವಿವರಣೆ ಕೇಳಿತು. ಶಾಸ್ತ್ರದ ಆಧಾರಗಳನ್ನು ಮುಂದಿಟ್ಟು ಶಾಸ್ತ್ರಿಗಳು ಒಪ್ಪಿಸಿ ಬಂದರು. ಆಮೇಲೆ ಗಂಗಾಮೂಲಕ್ಕೆ ಹೋಗಿ ನೆಲೆಸಿದರು. ಬಂದ ಯಾತ್ರಿಕರಿಗೆಲ್ಲ ಅನ್ನ ಹಾಕಿ ಹಾಕಿ ಸಾಲ ಏರಿತು. ಕೂಸು ರಮಾಗೆ ಆರು ತಿಂಗಳಾಗಿದ್ದಾಗ ಸಂಸಾರ ಘಟ್ಟ ಬಿಟ್ಟಿತು. ಕೂಸನ್ನು ಬುಟ್ಟಿಯಲ್ಲಿಟ್ಟು ಆಳೊಬ್ಬ ತಲೆಯ ಮೇಲೆ ಹೊತ್ತು ತಂದನಂತೆ. ಅಲ್ಲಿಂದ ಮುಂದೆ ಆ ಮನೆಗೆ ಊರೇ ಇಲ್ಲ. ತೀರ್ಥದಿಂದ ತೀರ್ಥಕ್ಕೆ ಪುರಾಣ ಓದುತ್ತಾ ನಡೆಯುವುದೇ ಬದುಕು. ನಾವು ನೌಕರಿಗಾಗಿ ಹೊರನಾಡಿಗೆ ಬಂದವರು ಊರಿನ ವಿಳಾಸವನ್ನಾದರೂ ಇಟ್ಟುಕೊಂಡು ಬಂದೆವು. ಅವರಿಗೆ ಅದೂ ಇರಲಿಲ್ಲ.

ಮಗಳಿಗೆ ತಾಯಿಯೇ ಗುರು. ಭಾಗವತದ ಹದಿನೆಂಟು ಸಾವಿರ ಶ್ಲೋಕ ಬಾಯಿಪಾಠವಾಯಿತು. ಆದರೆ ಶ್ಲೋಕ ಹೊಟ್ಟೆ ತುಂಬಿಸಲಿಲ್ಲ. 1870ರ ದಶಕದ ಬರದಲ್ಲಿ, ಕೂಲಿ ಮಾಡಿ ಗೊತ್ತಿಲ್ಲದ, ಬೇಡುವುದಕ್ಕೆ ನಾಚುವ ಈ ಕುಟುಂಬ ಎಲೆ ತಿಂದು ದಿನ ಕಳೆಯಿತು. 1874ರಲ್ಲಿ, ತಿರುಪತಿಯ ಹತ್ತಿರದ ಕಾಡಿನಲ್ಲಿ, ಕಣ್ಣು ಕಾಣದ ಮುದುಕ ತಂದೆ ತೀರಿಕೊಂಡರು. ಉಳಿದವರು ಕಾಲೆಳೆಯುತ್ತ ರಾಯಚೂರಿಗೆ ಬಂದರು.

ರಾಯಚೂರಿನ ಆ ದಿನಗಳ ಬಗ್ಗೆ ರಮಾಬಾಯಿ ಮುಂದೆ ತಾವೇ ಬರೆದಿದ್ದಾರೆ. ಜ್ವರದಲ್ಲಿ ಮಲಗಿದ್ದ ತಾಯಿ ಒಂದು ತುಂಡು ಸಜ್ಜೆ ರೊಟ್ಟಿ ಬೇಕೆಂದರು. ಮಗಳು ಪಕ್ಕದ ಮನೆಯ ಬಾಗಿಲಿಗೆ ಹೋಗಿ ನಿಂತಳು. ಬೇಡಲು ಬಾಯಿ ಬರಲಿಲ್ಲ, ಬರೀ ಕಣ್ಣೀರು. ಆ ಮನೆಯಾಕೆ ಅರ್ಥ ಮಾಡಿಕೊಂಡು ರೊಟ್ಟಿ ಕೊಟ್ಟಳು. ತಂದು ಕೊಟ್ಟರೆ ತಿನ್ನುವ ಶಕ್ತಿ ತಾಯಿಗೆ ಉಳಿದಿರಲಿಲ್ಲ. ಹೆಣ ಹೊರಲು ನಾಲ್ಕು ಜನ ಬೇಕಲ್ಲ? ಇಬ್ಬರು ಬ್ರಾಹ್ಮಣರು ಕನಿಕರಪಟ್ಟು ಬಂದರು, ಅಣ್ಣ ಮೂರನೆಯವನು, ನಾಲ್ಕನೆಯ ಹೆಗಲು ಈ ಹುಡುಗಿಯದು. ಕುಳ್ಳಗಿದ್ದುದರಿಂದ ಹೆಗಲು ಎಟುಕದೆ ಚಟ್ಟವನ್ನು ತಲೆಯ ಮೇಲೆ ಹೊತ್ತಳು. ಸುಡುಗಾಡು ಸುಮಾರು ಮೂರು ಮೈಲಿ ದೂರ. ವಯಸ್ಸು ಹದಿನಾರು. ಆಮೇಲೆ ಅಕ್ಕನೂ ಕಾಲರಾಕ್ಕೆ ತುತ್ತಾದಳು.

ಈ ಪ್ರಸಂಗವನ್ನು ವಿವರವಾಗಿ ಹೇಳಿದ್ದಕ್ಕೆ ಕಾರಣವಿದೆ. ಕಷ್ಟ ಬಂತು, ಕ್ರಿಸ್ತನನ್ನು ನಂಬಿದರು, ಸಮಾಧಾನ ಸಿಕ್ಕಿತು ಎಂದು ನಮ್ಮ ಸಭೆಗಳಲ್ಲಿ ಸಾಕ್ಷಿ ಹೇಳುವವರು ಮೂರು ವಾಕ್ಯದಲ್ಲಿ ಮುಗಿಸುತ್ತಾರೆ. ರಮಾಬಾಯಿಯ ಬದುಕು ಹಾಗೆ ನಡೆಯಲೇ ಇಲ್ಲ. ರಾಯಚೂರಿನಿಂದ ದೀಕ್ಷಾಸ್ನಾನಕ್ಕೆ ಒಂಬತ್ತು ವರ್ಷ. ಅಲ್ಲಿಂದ, ಅವರೇ ಹೇಳಿಕೊಂಡಂತೆ ಕ್ರಿಸ್ತಮತವಲ್ಲದೆ ಕ್ರಿಸ್ತನೇ ಸಿಗುವುದಕ್ಕೆ ಮತ್ತೆ ಎಂಟು ವರ್ಷ.

ನಡುವಿನ ದಾರಿಯನ್ನು ಬೇಗ ನಡೆದುಬಿಡೋಣ. ಅಣ್ಣ ಶ್ರೀನಿವಾಸನ ಜೊತೆ ಉತ್ತರಕ್ಕೆ ಹೋದರು. ಝೀಲಂ ನದಿಯ ದಂಡೆಯಲ್ಲಿ ಚಳಿ ತಡೆಯಲಾಗದೆ ಮರಳಿನಲ್ಲಿ ಗೋರಿಯಂಥ ಗುಂಡಿ ತೋಡಿ, ತಲೆಯಷ್ಟನ್ನೇ ಹೊರಗೆ ಬಿಟ್ಟು ಮೈಮೇಲೆ ಮರಳು ಎಳೆದುಕೊಂಡು ಮಲಗಿದರು. 1878ರಲ್ಲಿ ಕಲ್ಕತ್ತಾ ತಲುಪಿದಾಗ ಆ ಊರಿನ ವಿದ್ವಾಂಸರು ಬೆರಗಾಗಿ 'ಪಂಡಿತಾ', 'ಸರಸ್ವತಿ' ಎಂಬ ಬಿರುದುಗಳನ್ನು ಕೊಟ್ಟರು. 1880ರಲ್ಲಿ ಅಣ್ಣ ತೀರಿಕೊಂಡ. ಅದೇ ವರ್ಷ ಬಂಗಾಳಿ ವಕೀಲ ಬಿಪಿನ್ ಬಿಹಾರಿ ಮೇಧಾವಿಯವರೊಡನೆ ಜಾತಿ ಮೀರಿದ ಮದುವೆ. ಹತ್ತೊಂಬತ್ತು ತಿಂಗಳ ಸಂಸಾರ, ಮನೋರಮಾ ಎಂಬ ಮಗಳು, 1882ರ ಫೆಬ್ರವರಿಯಲ್ಲಿ ಗಂಡನನ್ನೂ ಕಾಲರಾ ಒಯ್ದಿತು. ಅಸ್ಸಾಮಿನ ಸಿಲ್ಚಾರಿನಲ್ಲಿ ಗಂಡನ ಪುಸ್ತಕಗಳ ನಡುವೆ ಬಂಗಾಳಿಯ ಲೂಕನ ಸುವಾರ್ತೆ ಸಿಕ್ಕಿತ್ತು. ಓದಿದರು, ಮನಸ್ಸಿಗೆ ಹಿಡಿಸಿತು, ಅಷ್ಟೇ.

ಪುಣೆಗೆ ಬಂದು ಆರ್ಯ ಮಹಿಳಾ ಸಮಾಜ ಕಟ್ಟಿದರು. ಹಂಟರ್ ಆಯೋಗದ ಮುಂದೆ ನಿಂತು ಹೆಂಗಸರಿಗೆ ಹೆಣ್ಣು ಡಾಕ್ಟರುಗಳು, ಹೆಣ್ಣು ಶಿಕ್ಷಕಿಯರು ಬೇಕು ಎಂದು ವಾದಿಸಿದರು. ತಾವೇ ವೈದ್ಯ ಓದಬೇಕೆಂದು 'ಸ್ತ್ರೀ ಧರ್ಮ ನೀತಿ' ಎಂಬ ಮರಾಠಿ ಪುಸ್ತಕ ಮಾರಿದ ಹಣದಲ್ಲಿ 1883ರಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದರು. ಕಿವಿ ಮಂದವಾಗಿ ವೈದ್ಯದ ಆಸೆ ಬಿಡಬೇಕಾಯಿತು. ಜೊತೆಗೆ ಹೋಗಿದ್ದ ಗೆಳತಿ ಆನಂದಿಬಾಯಿ ಭಗತ್ ಅಲ್ಲಿಯೇ ಆತ್ಮಹತ್ಯೆ ಮಾಡಿಕೊಂಡರು. ಆ ವರ್ಷದ ಸೆಪ್ಟೆಂಬರ್ 29ರಂದು ವಾಂಟೇಜ್‌ನಲ್ಲಿ ತಾಯಿ ಮಗಳಿಬ್ಬರಿಗೂ ದೀಕ್ಷಾಸ್ನಾನವಾಯಿತು.

ಅವರನ್ನು ಒಲಿಸಿದ್ದು ಯಾವ ಪಾದ್ರಿಯ ವಾದವೂ ಅಲ್ಲ. ಲಂಡನ್ನಿನ ಫುಲ್ಹಾಮ್‌ನಲ್ಲಿ, ಸಮಾಜ ಕೆಟ್ಟವರೆಂದು ತಳ್ಳಿದ ಹೆಂಗಸರನ್ನು ಕನ್ಯಾಸ್ತ್ರೀಯರು ಆರೈಕೆ ಮಾಡುವುದನ್ನು ಕಂಡರು. ಯಾಕೆ ಮಾಡುತ್ತೀರಿ ಅಂತ ಕೇಳಿದರು. ಅವರಿಗೆ ಓದಿ ತೋರಿಸಿದ್ದು ಯೋಹಾನನ ಸುವಾರ್ತೆಯ ನಾಲ್ಕನೆಯ ಅಧ್ಯಾಯ, ಬಾವಿಯ ದಡದಲ್ಲಿ ಯೇಸು ಸಮಾರ್ಯದ ಹೆಂಗಸಿನ ಜೊತೆ ಮಾತಾಡಿದ ಸಂಗತಿ. ಐದು ಗಂಡಂದಿರನ್ನು ಕಂಡ ಹೆಂಗಸಿನಿಂದ ನೀರು ಕೇಳಿ ಕುಡಿಯುವ ಗುರುವನ್ನು ಈಕೆ ತಾವು ಓದಿದ ಶಾಸ್ತ್ರಗಳಲ್ಲಿ ಕಂಡಿರಲಿಲ್ಲ.

ಹಾಗಂತ ತಲೆ ಬಗ್ಗಿಸಿ ಕೂತರೆ? ಇಲ್ಲ. ತ್ರಿಯೇಕ ದೇವರೆಂಬ ತತ್ವ ತನಗೆ ಒಪ್ಪಿಗೆಯಾಗುತ್ತಿಲ್ಲ ಎಂದರು. ಶಿಲುಬೆಯ ಮೇಲೆ ಲ್ಯಾಟಿನ್ ಯಾಕೆ, ಸಂಸ್ಕೃತ ಯಾಕಾಗಬಾರದು ಎಂದು ಕೇಳಿದರು. ಮಾಂಸ ಮುಟ್ಟಲಿಲ್ಲ. ದೀಕ್ಷಾಮಾತೆಯಾಗಿದ್ದ ಸಿಸ್ಟರ್ ಜೆರಾಲ್ಡಿನ್ ಅವರೊಡನೆ ಕಾಗದದ ಮೇಲೆ ನಡೆದ ಜಗಳ ಓದಿದರೆ, ನಮ್ಮ ಸಭೆಗಳಲ್ಲಿ ಅಯ್ಯನವರು ಹೇಳಿದ್ದಕ್ಕೆಲ್ಲ ಆಮೆನ್ ಅನ್ನುವ ನಮಗೆ ಸ್ವಲ್ಪ ನಾಚಿಕೆಯೇ ಆಗುತ್ತದೆ. ಉಡುಪಿಯ ಸಭೆಯೆದುರು ನಿಂತ ಅಪ್ಪನ ಮಗಳಲ್ಲವೇ!

ಅಮೆರಿಕಕ್ಕೆ ಹೋಗಿ ಹಣ ಕೂಡಿಸಿ ತಂದು 1889ರ ಮಾರ್ಚ್‌ನಲ್ಲಿ ಮುಂಬೈಯಲ್ಲಿ ವಿಧವೆಯರಿಗಾಗಿ ಶಾರದಾ ಸದನ ತೆರೆದರು. ಮರುವರ್ಷ ಅದು ಪುಣೆಗೆ ಬಂತು. ಅಲ್ಲಿನ ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬಳಾದ ಬಾಲವಿಧವೆ ಗೋದೂಬಾಯಿಯನ್ನೇ ಮುಂದೆ ಧೋಂಡೊ ಕೇಶವ ಕರ್ವೆ ಮದುವೆಯಾದರು. ಸದನದಲ್ಲಿ ಮತಬೋಧನೆ ಇಲ್ಲ ಎಂಬ ಮಾತಿತ್ತು. ಆದರೆ ರಮಾಬಾಯಿ ತಮ್ಮ ಪ್ರಾರ್ಥನೆಯ ಕೋಣೆಯ ಬಾಗಿಲು ಮುಚ್ಚುತ್ತಿರಲಿಲ್ಲ, ಹುಡುಗಿಯರು ಒಬ್ಬೊಬ್ಬರಾಗಿ ಬಂದು ಕೂರತೊಡಗಿದರು. ತಿಲಕರ 'ಕೇಸರಿ' ಕಿಡಿ ಕಾರಿತು. 1893ರಲ್ಲಿ ರಾನಡೆ, ಭಂಡಾರ್ಕರ್‌ರಂಥ ಹಿತೈಷಿಗಳೇ ಸಲಹಾ ಮಂಡಳಿ ಬಿಟ್ಟು ನಡೆದರು. ಅನೇಕರು ತಮ್ಮ ಮನೆಯ ಹುಡುಗಿಯರನ್ನು ಕರೆದೊಯ್ದರು.

ಇಲ್ಲಿ ಒಂದು ಮಾತು ಹೇಳಬೇಕು. ಮಕ್ಕಳನ್ನು ಬಿಟ್ಟುಹೋದ ಮನೆಯವರ ಅನುಮಾನಕ್ಕೆ ಕಾರಣವೇ ಇರಲಿಲ್ಲ ಅನ್ನಲಾರೆ. ತೆರೆದ ಬಾಗಿಲೂ ಒಂದು ಕರೆಯೇ. ಆದರೆ ಅದೇ ಮನೆಗಳಲ್ಲಿ ಆ ಹುಡುಗಿಯರ ತಲೆ ಬೋಳಿಸಿ ಒಲೆಯ ಮುಂದೆ ಕೂರಿಸುತ್ತಿದ್ದರು ಎಂಬುದನ್ನೂ ಮರೆಯುವ ಹಾಗಿಲ್ಲ. ಎರಡೂ ಕಡೆಯಿಂದ ಒಂಟಿಯಾದ ಈ ಕಾಲದಲ್ಲೇ, 1891ರ ಸುಮಾರಿಗೆ, ತಮ್ಮ ವಿಶ್ವಾಸ ಬುದ್ಧಿಯಿಂದ ಎದೆಗೆ ಇಳಿಯಿತು ಎಂದು ಅವರು ಬರೆದಿದ್ದಾರೆ. ಇಳಿದ ವಿಶ್ವಾಸ ಅವರನ್ನು ಸುಮ್ಮನೆ ಕೂರಲು ಬಿಡಲಿಲ್ಲ.

1896ರ ಕೊನೆಗೆ ಮಧ್ಯಪ್ರಾಂತದಲ್ಲಿ ಬರ. ಪತ್ರಿಕೆಗಳಲ್ಲಿ ಓದಿದ ರಮಾಬಾಯಿಗೆ ಹಸಿದು ಅಲೆದ ತಮ್ಮದೇ ದಿನಗಳು ಎದುರು ಬಂದು ನಿಂತವು. ಹೊರಟೇಬಿಟ್ಟರು. ಗಂಜಿ ಕೇಂದ್ರಗಳ ಸುತ್ತ ಹೆಣ್ಣುಮಕ್ಕಳನ್ನು ಹೊತ್ತೊಯ್ಯಲು ಕಾದಿದ್ದ ದಲ್ಲಾಳಿಗಳನ್ನು ಕಂಡರು. ಮುನ್ನೂರರ ಹತ್ತಿರ ಹುಡುಗಿಯರನ್ನು ಕರೆದುಕೊಂಡು ಬಂದರು. ಪುಣೆಯಲ್ಲಿ ಆಗ ಪ್ಲೇಗು, ಊರೊಳಗೆ ಅಷ್ಟು ಜನರನ್ನು ಇಟ್ಟುಕೊಳ್ಳಲು ಅಧಿಕಾರಿಗಳು ಬಿಡಲಿಲ್ಲ. ಹಣ್ಣಿನ ತೋಟ ಮಾಡೋಣವೆಂದು ಕೊಂಡಿದ್ದ ನೂರು ಎಕರೆ ಜಮೀನಿತ್ತು ಕೆಡಗಾಂವದಲ್ಲಿ. ಅಲ್ಲಿಯೇ ಗುಡಿಸಲು ಎದ್ದವು, 'ಮುಕ್ತಿ' ಎಂಬ ಹೆಸರಾಯಿತು. ಅದೇ 1897ರಲ್ಲಿ ಪ್ಲೇಗ್ ಆಸ್ಪತ್ರೆಯಲ್ಲಿ ತಮ್ಮ ಹುಡುಗಿಯೊಬ್ಬಳಿಗೆ ಆದ ಗತಿಯನ್ನು ಪತ್ರಿಕೆಗೆ ಬರೆದು ಬ್ರಿಟಿಷ್ ಸರಕಾರದ ಸಿಟ್ಟಿಗೂ ಗುರಿಯಾದರು. ಕ್ರೈಸ್ತರಾದವರು ಬಿಳಿಯರ ಬಾಲ ಹಿಡಿದರು ಅನ್ನುವವರಿಗೆ ಈ ಪತ್ರ ತೋರಿಸಬೇಕು.

ಅಮೆರಿಕದ ಸಂಘ ಹತ್ತು ವರ್ಷಕ್ಕೆಂದು ಒಪ್ಪಿದ ನೆರವಿನ ಅವಧಿ 1898ಕ್ಕೆ ತೀರಿತು. ಆಮೇಲೆ ಕೆಡಗಾಂವ ನಡೆದದ್ದು ನಿಗದಿ ವರಮಾನವಿಲ್ಲದೆ, ಪ್ರಾರ್ಥನೆ ಮತ್ತು ಬಂದ ಕಾಣಿಕೆಯ ಮೇಲೆ. 1900ರ ಗುಜರಾತಿನ ಬರದ ಹೊತ್ತಿಗೆ ಎರಡು ಸಾವಿರದ ಹತ್ತಿರ ಜನ ಅಲ್ಲಿ ಉಣ್ಣುತ್ತಿದ್ದರು. ಲೆಕ್ಕಪತ್ರ ಬಲ್ಲವರು ಯಾರೂ ಒಪ್ಪುವ ಏರ್ಪಾಡಲ್ಲ! ಆದರೆ ಬರೀ ಮೊಣಕಾಲೂರಿ ಕೂತಿದ್ದರು ಅಂತಲೂ ತಿಳಿಯಬೇಡಿ. ಬಾವಿ ತೋಡಿಸಿದರು. ಹೊಲ, ಹೈನು, ಮಗ್ಗ, ಎಣ್ಣೆ ಗಾಣ, ಅಚ್ಚುಕೂಟ ಎಲ್ಲವನ್ನೂ ಹೆಂಗಸರೇ ನಡೆಸಿದರು. ಕುರುಡ ಹುಡುಗಿಯರಿಗೆ ಬೇರೆ ಶಾಲೆ, ಮೋಸಹೋದ ಹೆಂಗಸರಿಗೆ 'ಕೃಪಾ ಸದನ'. ಫುಲ್ಹಾಮ್‌ನಲ್ಲಿ ಕಂಡದ್ದು ಮಹಾರಾಷ್ಟ್ರದ ಒಣನೆಲದಲ್ಲಿ ಬೇರು ಬಿಟ್ಟಿತ್ತು. ಆಗ ನಿಜಾಮರ ರಾಜ್ಯದಲ್ಲಿದ್ದ ನಮ್ಮ ಗುಲ್ಬರ್ಗದಲ್ಲಿ 1912ರಲ್ಲಿ ಒಂದು ಶಾಲೆಯನ್ನೂ ತೆರೆದರು, ಅದನ್ನು ಮಗಳು ಮನೋರಮಾ ನೋಡಿಕೊಂಡರು. ಹೊರಗೆ ಹೋದ ಮನೆತನ ಕನ್ನಡದ ನೆಲಕ್ಕೆ ತಿರುಗಿ ಕೊಟ್ಟದ್ದು ಅದು.

ಇದರ ನಡುವೆಯೇ ಅವರು ಹಿಡಿದ ಇನ್ನೊಂದು ಕೆಲಸ ಸತ್ಯವೇದದ ಮರಾಠಿ ಅನುವಾದ. ಇದ್ದ ಅನುವಾದಗಳ ಭಾಷೆ ಹಳ್ಳಿಯ ಹೆಂಗಸಿಗೆ ತಿಳಿಯುವುದಿಲ್ಲ ಎಂಬುದು ಅವರ ತಕರಾರು. ಇಬ್ರಿಯ, ಗ್ರೀಕ್ ಕಲಿತು ಮೂಲದಿಂದಲೇ ಶುರುಮಾಡಿದರು. ಪಂಡಿತರ ಬಿರುದು ಹೊತ್ತಾಕೆ ಪಾಂಡಿತ್ಯವನ್ನೆಲ್ಲ ಸುಲಿದು ಹಾಕಿ ಬರೆಯಲು ಹದಿನೈದು ವರ್ಷಕ್ಕೂ ಹೆಚ್ಚು ದುಡಿದರು.

1921ರ ಜುಲೈನಲ್ಲಿ ಮನೋರಮಾ ಮಿರಜಿನ ಆಸ್ಪತ್ರೆಯಲ್ಲಿ ತೀರಿಕೊಂಡರು. ನಲವತ್ತು ವರ್ಷ. ಅಪ್ಪ, ಅಮ್ಮ, ಅಕ್ಕ, ಅಣ್ಣ, ಗಂಡ, ಈಗ ಮಗಳು. ರಮಾಬಾಯಿ ಕರಡು ತಿದ್ದುವುದನ್ನು ನಿಲ್ಲಿಸಲಿಲ್ಲ. ಕೆಲಸ ಮುಗಿಸಲು ಹತ್ತು ದಿನ ಕೊಡು ಎಂದು ದೇವರನ್ನು ಬೇಡಿಕೊಂಡರೆಂದೂ ಹತ್ತನೆಯ ದಿನ ಕಣ್ಣು ಮುಚ್ಚಿದರೆಂದೂ ಕೆಡಗಾಂವದ ಕಡೆ ಹೇಳುತ್ತಾರೆ. ಅದನ್ನು ನಂಬುವುದು ಬಿಡುವುದು ಅವರವರಿಗೆ ಬಿಟ್ಟದ್ದು. ತೀರಿಕೊಂಡದ್ದು 1922ರ ಏಪ್ರಿಲ್ 5ರಂದು. ಪುಸ್ತಕ 1924ರಲ್ಲಿ ಹೊರಬಂತು. ಮುಕ್ತಿಯ ಅಚ್ಚುಕೂಟದಲ್ಲಿ ಮೊಳೆ ಜೋಡಿಸಿ, ಹಾಳೆ ಮಡಚಿ, ಹೊಲಿದು ಅದನ್ನು ಮುಗಿಸಿದವರು ಅಲ್ಲಿನ ಹೆಂಗಸರೇ.