ಎಡಗೈ ಬರವಣಿಗೆ: ಮಗುವಿನ ಕಲಿಕೆಗೆ ಅಡ್ಡಿಯೇ?

ನಾವುಂದ: ಬೈಂದೂರು ತಾಲೂಕಿನ ಕೊಲ್ಲೂರು ಮೂಕಾಂಬಿಕಾ ದೇವಸ್ಥಾನದಲ್ಲಿ ವಿಜಯದಶಮಿಯಂದು ವಿದ್ಯಾರಂಭ ಪ್ರಸಿದ್ಧ. ಅಕ್ಕಿಯ ಮೇಲೆ ಅಕ್ಷರ ತಿದ್ದಿಸುವುದು ಮಗುವಿನ ಬಲಗೈ ಬೆರಳು ಹಿಡಿದು. ಪ್ರಸಾದ ಸ್ವೀಕಾರ, ಊಟಗಳಿಗೂ ಬಲಗೈಯೇ ರೂಢಿ. ಹೀಗಿರುವಾಗ ಇದೇ ತಾಲೂಕಿನ ನಾವುಂದದಂಥ ಊರಿನಲ್ಲಿ ಒಂದನೇ ತರಗತಿಯ ಮಗು ಎಡಗೈಯಲ್ಲಿ ಪೆನ್ಸಿಲ್ ಹಿಡಿದರೆ ಹೆತ್ತವರು ಆತಂಕಪಡುವುದು ಸಹಜ. ಆದರೆ ಎಡಗೈ ಬಳಕೆ ರೋಗವಲ್ಲ, ದುರಭ್ಯಾಸವೂ ಅಲ್ಲ.

ಎಷ್ಟು ಮಂದಿ?

20 ಲಕ್ಷಕ್ಕೂ ಅಧಿಕ ಜನರ ಮಾಹಿತಿಯನ್ನು ಕ್ರೋಡೀಕರಿಸಿದ 2020ರ ಅಧ್ಯಯನದ ಪ್ರಕಾರ ಎಡಚರ ಪ್ರಮಾಣ ಶೇ. 10.6. ಅಂದರೆ 30 ಮಕ್ಕಳ ತರಗತಿಯಲ್ಲಿ ಸರಾಸರಿ ಮೂವರು. ಬಲವಂತವಿರುವ ಸಮಾಜಗಳಲ್ಲಿ ಎಡಗೈಯಲ್ಲಿ ಬರೆಯುವವರು ಇದಕ್ಕಿಂತ ಕಡಿಮೆ ಕಾಣಿಸುತ್ತಾರೆ.

ಅಂಕಗಳ ಮಾತು

ಬುದ್ಧಿಮತ್ತೆಯಲ್ಲಿ ಎಡಚರಿಗೂ ಬಲಗೈಯವರಿಗೂ ಇರುವ ಸರಾಸರಿ ವ್ಯತ್ಯಾಸ ನಗಣ್ಯ. ಗಮನ ಬೇಕಿರುವುದು ಯಾವ ಕೈಯೂ ನೆಲೆಗೊಳ್ಳದ ಮಕ್ಕಳ ಬಗ್ಗೆ. ಫಿನ್ಲೆಂಡ್‌ನ ಸುಮಾರು 8 ಸಾವಿರ ಮಕ್ಕಳ ಕುರಿತ 2010ರ ಅಧ್ಯಯನದಲ್ಲಿ, ಎಂಟರ ಹರೆಯದ ಇಂಥ ಮಕ್ಕಳಿಗೆ ಭಾಷೆ ಮತ್ತು ಓದಿನಲ್ಲಿ ತೊಡಕಿನ ಸಾಧ್ಯತೆ ದುಪ್ಪಟ್ಟು ಕಂಡುಬಂದಿತ್ತು. ಇವರ ಸಂಖ್ಯೆ ಶೇ. 1ರಷ್ಟು ಮಾತ್ರ. ಅವರಲ್ಲಿಯೂ ಎಲ್ಲರಿಗೂ ತೊಡಕಿರಲಿಲ್ಲ.

ಬಲವಂತ ಬೇಡ

ಕೈಯ ಒಲವಿಗೆ ಮೂಲ ಮೆದುಳಿನಲ್ಲಿದೆ. ಬಾಲ್ಯದಲ್ಲಿ ಬಲಗೈಗೆ ತಿರುಗಿಸಲ್ಪಟ್ಟವರ ಮೆದುಳಿನಲ್ಲಿ ಎಡಗೈ ಒಲವಿನ ಕುರುಹು ದೊಡ್ಡವರಾದ ಮೇಲೂ ಉಳಿದಿರುವುದು ಪರೀಕ್ಷೆಗಳಿಂದ ತಿಳಿದಿದೆ. ಒಲವಿಲ್ಲದ ಕೈಯಲ್ಲಿ ಬರೆಯುವ ಮಗುವಿನ ಗಮನವೆಲ್ಲ ಅಕ್ಷರ ಮೂಡಿಸುವುದಕ್ಕೇ ಮೀಸಲಾಗಿ, ಪಾಠ ಹಿಂದೆ ಬೀಳುತ್ತದೆ. ಗದರಿದರೆ, ಬೆರಳಿಗೆ ಹೊಡೆದರೆ ಶಾಲೆಯೇ ಬೇಡವೆನಿಸಬಹುದು. ಶಿಕ್ಷಣ ಹಕ್ಕು ಕಾಯ್ದೆ-2009ರ 17ನೇ ಸೆಕ್ಷನ್ ಶಾಲೆಯಲ್ಲಿ ದೈಹಿಕ ಶಿಕ್ಷೆ ಹಾಗೂ ಮಾನಸಿಕ ಕಿರುಕುಳವನ್ನು ನಿಷೇಧಿಸಿದೆ.

ಶಿಕ್ಷಕರು, ಹೆತ್ತವರು ಮಾಡಬೇಕಾದ್ದು

ಕನ್ನಡ ಎಡದಿಂದ ಬಲಕ್ಕೆ ಸಾಗುವ ಲಿಪಿ. ಎಡಗೈಯಲ್ಲಿ ಬರೆಯುವಾಗ ಬರೆದದ್ದನ್ನು ಕೈಯೇ ಮುಚ್ಚುತ್ತದೆ, ಶಾಯಿ ಅಳಿಸಿಹೋಗುತ್ತದೆ. ಇದಕ್ಕೆ ಪರಿಹಾರ ಸುಲಭ.

* ಬೆಂಚಿನ ಎಡತುದಿಯಲ್ಲಿ ಕೂರಿಸಿ. ಪಕ್ಕದವರಿಗೆ ಮೊಣಕೈ ತಾಗದು.
* ಪುಸ್ತಕದ ಮೇಲ್ಭಾಗವನ್ನು ತುಸು ಬಲಕ್ಕೆ ವಾಲಿಸಿ.
* ಪೆನ್ಸಿಲನ್ನು ಮೊನೆಯಿಂದ ಸ್ವಲ್ಪ ಮೇಲೆ ಹಿಡಿಯಲು ಹೇಳಿಕೊಡಿ.
* ಆರಂಭದಲ್ಲಿ ಅಕ್ಷರ ಅಂದವಾಗಿಲ್ಲವೆಂದು ಅಂಕ ಕಡಿತಗೊಳಿಸಬೇಡಿ.

ಪೂಜೆ, ಊಟಗಳಲ್ಲಿ ಬಲಗೈ ಬಳಸುವ ಸಂಪ್ರದಾಯವನ್ನು ಮನೆಯವರು ಪ್ರೀತಿಯಿಂದ ಕಲಿಸಲಿ. ಬರವಣಿಗೆಯ ಕೈಯನ್ನು ಮಾತ್ರ ಮಗುವೇ ಆರಿಸಿಕೊಳ್ಳಲಿ. ಆರು ವರ್ಷ ದಾಟಿದರೂ ಯಾವ ಕೈಯೆಂದು ನಿರ್ಧಾರವಾಗದೆ, ಓದು-ಬರಹವೂ ಹಿಂದುಳಿದಿದ್ದರೆ ಮಕ್ಕಳ ತಜ್ಞರನ್ನು ಕಾಣುವುದು ಒಳಿತು.