ಮುಪ್ಪಿಗೂ ಒಂದು ಗರಡಿ

ಗರಡಿಮನೆಯೆಂದರೆ ಹರೆಯದವರ ಜಾಗ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ರೋಣ ತಾಲೂಕಿನ ನನ್ನ ಊರಿನಲ್ಲೂ ಹಾಗೆಯೇ ಇತ್ತು. ಹಣಮಪ್ಪನ ಪಟದ ಮುಂದೆ ಕೆಂಪು ಮಣ್ಣು, ಗೋಡೆಗೆ ಆನಿಸಿಟ್ಟ ಗದೆಗಳು, ಹೊರಗೆ ಬೇವಿನ ಮರದ ಕೆಳಗೆ ಒಂದು ಸಂಗ್ರಾಣಿ ಕಲ್ಲು. ಮಕ್ಕಳೊಂದಿಗನಾದವನು ಒಳಗೆ ಕಾಲಿಟ್ಟರೆ ಓರಗೆಯವರು ನಗೆಯಾಡುತ್ತಿದ್ದರು. ಆದರೆ ಹುಡುಗರಿಗೆ ಸಾಮು ಕಲಿಸುತ್ತಿದ್ದ ವಸ್ತಾದಿಗೆ ಎಪ್ಪತ್ತು ದಾಟಿತ್ತು. ನಸುಕಿನಲ್ಲಿ ಹುಡುಗರು ಬರುವ ಮೊದಲೇ ಆತ ತನ್ನ ಪಾಲಿನ ಬಸ್ಕಿ ಮುಗಿಸಿರುತ್ತಿದ್ದ. ಅದನ್ನು ಮಾತ್ರ ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ, ನಾನೂ ಹಿಡಿಯಲಿಲ್ಲ.

ಇದು ನೆನಪಾದದ್ದು ಅಪ್ಪನಿಂದ. ನಾಲ್ಕು ವರ್ಷಗಳ ಹಿಂದೆ ಅವರನ್ನು ವಿಕ್ರೋಳಿಯ ಕನ್ನಮ್ವಾರ್ ನಗರದ ನಮ್ಮ ಮನೆಗೆ ಕರೆತಂದೆ. ಊರಲ್ಲಿ ಅವರು ನೀರು ಹೊರುತ್ತಿದ್ದರು, ಹೊಲಕ್ಕೆ ನಡೆದು ಹೋಗುತ್ತಿದ್ದರು, ದಿನಕ್ಕೆ ಹತ್ತಾರು ಸಲ ನೆಲದ ಮೇಲೆ ಕೂತು ಏಳುತ್ತಿದ್ದರು. ಇಲ್ಲಿ ನಲ್ಲಿಯ ನೀರು, ಸೋಫಾ, ಟಿ.ವಿ. ನೀರಿನ ತಂಬಿಗೆಯನ್ನೂ ಸೊಸೆಯೇ ತಂದು ಕೈಗೆ ಕೊಡುತ್ತಿದ್ದಳು. ನಾವು ಇದನ್ನು ಸೇವೆ ಎಂದುಕೊಂಡಿದ್ದೆವು. ಒಂದೂವರೆ ವರ್ಷದಲ್ಲಿ ಅವರಿಗೆ ನನ್ನ ಕೈ ಹಿಡಿಯದೆ ಕುರ್ಚಿಯಿಂದ ಏಳಲಾಗದಂತಾಯಿತು; ಒಂದು ಸಂಜೆ ಬಚ್ಚಲಲ್ಲಿ ಬಿದ್ದೇಬಿಟ್ಟರು. ಪುಣ್ಯಕ್ಕೆ ಎಲುಬು ಮುರಿಯಲಿಲ್ಲ. ವೈದ್ಯರೊಬ್ಬರು “ವಯಸ್ಸಾಯಿತು, ವಿಶ್ರಾಂತಿ ಕೊಡಿ” ಎಂದರು. ಮೂರು ತಿಂಗಳು ಕೊಟ್ಟೆವು. ಕಾಲುಗಳು ಇನ್ನೂ ಸೊರಗಿದವು.

ಹಳೆಯ ಕಡತ ಹುಡುಕುವುದು ಗುಮಾಸ್ತನಿಗೆ ಅಭ್ಯಾಸವಾಗಿಹೋಗಿರುತ್ತದೆ. ಮುದುಕರ ವ್ಯಾಯಾಮದ ಬಗ್ಗೆ ಹಿಂದೆ ಯಾರಾದರೂ ಯೋಚಿಸಿದ್ದರೇ ಎಂದು ಹುಡುಕತೊಡಗಿದೆ. ಸಿಕ್ಕ ಹೆಸರುಗಳಲ್ಲಿ ಬಹಳಷ್ಟು ನಮ್ಮವರದೇ ಆಗಿದ್ದವು.

ಮೊದಲನೆಯವರು ಕೆ.ವಿ. ಅಯ್ಯರ್. ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳಿಂದ ಓದುಗರಿಗೆ ಪರಿಚಿತರಾದ ಕೋಲಾರ ಸೀಮೆಯ ಈ ಅಯ್ಯರ್, ತಮ್ಮ ಕಾಲದಲ್ಲಿ ಅದಕ್ಕಿಂತ ಹೆಚ್ಚಾಗಿ ಅಂಗಸಾಧಕರೆಂದೇ ದೇಶವಿದೇಶಗಳಲ್ಲಿ ಹೆಸರಾಗಿದ್ದರು. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ಜಿಮ್ನೇಷಿಯಂ ನಡೆಸಿದರು. ಅಂಚೆಯ ಮೂಲಕವೂ ವ್ಯಾಯಾಮ ಪಾಠ ಕಳಿಸುತ್ತಿದ್ದರು. ಭಾರ ಎತ್ತುವುದನ್ನೂ ಸೂರ್ಯನಮಸ್ಕಾರವನ್ನೂ ಅವರು ಬೇರೆ ಬೇರೆ ಪಂಗಡಗಳೆಂದು ನೋಡಲಿಲ್ಲ. ಅವರ ಕಟ್ಟುಮಸ್ತಾದ ಮೈಯ ಛಾಯಾಚಿತ್ರಗಳನ್ನು ನೋಡಿ ಬೆರಗಾದವರೇ ಹೆಚ್ಚು. ನನಗೆ ಮುಖ್ಯವೆನಿಸಿದ್ದು ಬೇರೆ. ವ್ಯಾಯಾಮವನ್ನು ಅವರು ರೋಗಿಗಳಿಗೂ ಹೇಳಿಕೊಟ್ಟರು. ನಾಲ್ವಡಿ ಕೃಷ್ಣರಾಜ ಒಡೆಯರು ಸಹ ಅವರಿಂದ ವ್ಯಾಯಾಮದ ಆರೈಕೆ ಪಡೆದವರು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅಯ್ಯರರ ವ್ಯಾಯಾಮಶಾಲೆ ಎದ್ದು ನಿಂತದ್ದು 1940ರಲ್ಲಿ. ಅರಸರು ತೀರಿಕೊಂಡದ್ದೂ ಅದೇ ವರ್ಷ.

ಅದೇ ದಿನಗಳಲ್ಲಿ ಸಾತಾರಾ ಪ್ರಾಂತದ ಔಂಧ್ ಸಂಸ್ಥಾನದ ಅರಸು ಭವಾನರಾವ್ ಪಂತ ಪ್ರತಿನಿಧಿ (1868–1951) ಊರೂರಿಗೂ ಸೂರ್ಯನಮಸ್ಕಾರದ ಪ್ರಚಾರ ಮಾಡುತ್ತಿದ್ದರು. ಇದರ ಬಗ್ಗೆ ಅವರ ಇಂಗ್ಲಿಷ್ ಪುಸ್ತಕ 1938ರಲ್ಲಿ ಹೊರಬಂದಾಗ ಅರಸರಿಗೆ ಎಪ್ಪತ್ತು.

ಇನ್ನು ಮೈಸೂರು. ಜಗನ್ಮೋಹನ ಅರಮನೆಯಲ್ಲಿ ಒಡೆಯರ ಆಶ್ರಯದಲ್ಲಿ ಯೋಗಶಾಲೆ ನಡೆಸಿದ ತಿರುಮಲೈ ಕೃಷ್ಣಮಾಚಾರ್ಯರು ಚಿತ್ರದುರ್ಗ ಜಿಲ್ಲೆಯ ಮುಚುಕುಂದಪುರದವರು. 1888ರಲ್ಲಿ ಹುಟ್ಟಿ 1989ರವರೆಗೆ ಬಾಳಿದರು. ತೊಂಬತ್ತಾರರ ವಯಸ್ಸಿನಲ್ಲಿ ಸೊಂಟದ ಎಲುಬು ಮುರಿದಾಗ ಶಸ್ತ್ರಚಿಕಿತ್ಸೆ ಬೇಡವೆಂದು, ಹಾಸಿಗೆಯಲ್ಲೇ ಮಾಡಬಹುದಾದ ಅಭ್ಯಾಸಗಳನ್ನು ತಾವೇ ರೂಪಿಸಿಕೊಂಡರೆಂದು ಅವರ ಬಗ್ಗೆ ಬರೆದವರು ಹೇಳುತ್ತಾರೆ. (ಶಸ್ತ್ರಚಿಕಿತ್ಸೆ ಬೇಡವೆಂದದ್ದನ್ನು ನಾವು ಅನುಕರಿಸಬೇಕಿಲ್ಲ.)

ಅವರ ಶಿಷ್ಯ, ಭಾವಮೈದುನ, ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರರು ನಮಗೆ ಇನ್ನೂ ಹತ್ತಿರದವರು. ಹೊಟ್ಟೆಪಾಡಿಗೆ ಊರು ಬಿಟ್ಟು ಬಂದ ಕನ್ನಡಿಗರೇ ಅವರೂ. 1937ರಲ್ಲಿ ಪುಣೆ ಸೇರಿದಾಗ ಅವರಿಗೆ ಇನ್ನೂ ಇಪ್ಪತ್ತು ತುಂಬಿರಲಿಲ್ಲ. ಮುಂದೆ ವಾರದ ಕೊನೆಗೆ ಪುಣೆಯಿಂದ ಮುಂಬಯಿಗೆ ಬಂದು ತರಗತಿ ನಡೆಸುತ್ತಿದ್ದರು. 1958ರಲ್ಲಿ ಬೆಲ್ಜಿಯಂನ ರಾಜಮಾತೆ ಎಲಿಸಬೆತ್ ಅವರಲ್ಲಿ ಶೀರ್ಷಾಸನ ಕಲಿಯಬೇಕೆಂದರು. ಆಕೆಗೆ ಎಂಬತ್ತು ದಾಟಿತ್ತು. ಅಯ್ಯಂಗಾರರು ಕಲಿಸಿದರು. ಆದರೆ ಅವರ ನಿಜವಾದ ಕೊಡುಗೆ ಎಂದು ನಾನು ತಿಳಿದಿರುವುದು ರಾಣಿಯ ಶೀರ್ಷಾಸನವಲ್ಲ, ಸಾಮಾನ್ಯವಾದ ಒಂದು ಕುರ್ಚಿ. ಬಗ್ಗಲಾರದವರಿಗೆ, ನಿಲ್ಲಲಾರದವರಿಗೆ ಕುರ್ಚಿ, ಗೋಡೆಯ ಹಗ್ಗ, ಮರದ ಇಟ್ಟಿಗೆ, ಪಟ್ಟಿಗಳನ್ನು ಆಸರೆಯಾಗಿ ಕೊಟ್ಟು ವ್ಯಾಯಾಮವನ್ನು ಮುದುಕರ ಮಟ್ಟಕ್ಕೆ ಇಳಿಸಿದರು. “ನಿನ್ನಿಂದ ಆಗದು” ಎಂದು ವಾಪಸು ಕಳಿಸುವುದರ ಬದಲು ಎಷ್ಟು ಆದೀತು ಎಂದು ಹುಡುಕಿದರು.

ಇವೆಲ್ಲ ಅನುಭವದ ಮಾತು. ಬಿ.ಎಸ್ಸಿ. ಓದಿದ ತಲೆಗೆ ಅಂಕಿ ಬೇಕು. ವಯಸ್ಸಿನೊಡನೆ ಮಾಂಸಖಂಡ ಕರಗುವುದಕ್ಕೆ ಒಂದು ಶಾಸ್ತ್ರೀಯ ಹೆಸರು ಬಂದದ್ದೇ 1989ರಲ್ಲಿ: ‘ಸಾರ್ಕೊಪೀನಿಯಾ’. ಮರುವರ್ಷ ಬಾಸ್ಟನ್ನಿನಲ್ಲಿ ಮರಿಯಾ ಫಿಯಾಟರೋನ್ ಎಂಬ ವೈದ್ಯೆ ಮತ್ತು ಸಂಗಡಿಗರು ವೃದ್ಧಾಲಯವೊಂದರ ಹತ್ತು ಮಂದಿಯಿಂದ ಕಾಲಿನ ಭಾರ ಎತ್ತಿಸಿದ ಪ್ರಯೋಗದ ಫಲವನ್ನು ಪ್ರಕಟಿಸಿದರು. ಅವರ ಸರಾಸರಿ ವಯಸ್ಸು 90! ಎಂಟು ವಾರ ಪೂರೈಸಿದ ಒಂಬತ್ತು ಜನರ ತೊಡೆಯ ಬಲ ಸರಾಸರಿ ಶೇಕಡಾ 174ರಷ್ಟು ಏರಿತು. ಇಬ್ಬರು ಊರುಗೋಲು ಬಿಟ್ಟರು. ಆದರೆ ವ್ಯಾಯಾಮ ನಿಲ್ಲಿಸಿದ ನಾಲ್ಕೇ ವಾರಗಳಲ್ಲಿ ಬಲದ ಮೂರನೆಯ ಒಂದು ಪಾಲು ಇಳಿದುಹೋಯಿತು. ಬಲ ಬರುತ್ತದೆಂಬುದು ಎಷ್ಟು ನಿಜವೋ ಅದು ನಿಲ್ಲುವುದಿಲ್ಲವೆಂಬುದೂ ಅಷ್ಟೇ ನಿಜ. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು 65 ದಾಟಿದವರು ವಾರಕ್ಕೆ ಕನಿಷ್ಠ ಎರಡು ದಿನ ಬಲವರ್ಧನೆಯ ವ್ಯಾಯಾಮವನ್ನೂ ಮೂರು ದಿನ ಸಮತೋಲನದ ಅಭ್ಯಾಸವನ್ನೂ ಮಾಡಬೇಕೆಂದು ಹೇಳಿತು. ಬರಿಯ ವಾಯುವಿಹಾರ ಸಾಲದು ಎಂದಾಯಿತು.

ಒಬ್ಬರೇ ಇದನ್ನು ಬಹಳ ದಿನ ಮಾಡುವುದು ಕಷ್ಟ, ಜೊತೆ ಬೇಕು. ಮುಂಬಯಿಗೆ ಇದು ಗೊತ್ತು. 1995ರ ಮಾರ್ಚಿಯಲ್ಲಿ ಡಾ. ಮದನ್ ಕಟಾರಿಯಾ ಅಂಧೇರಿಯ ಲೋಖಂಡ್‌ವಾಲಾದ ಉದ್ಯಾನವೊಂದರಲ್ಲಿ ಐದು ಜನರೊಂದಿಗೆ ಶುರುಮಾಡಿದ ನಗೆಕೂಟ ಲೋಕವನ್ನೆಲ್ಲ ಸುತ್ತಿತು. ನಮ್ಮ ಬಡಾವಣೆಯ ಉದ್ಯಾನದಲ್ಲೂ ಬೆಳಗ್ಗೆ ಹಿರಿಯರು ಗುಂಪಾಗಿ ಕೈಕಾಲು ಆಡಿಸುತ್ತಾರೆ. ಅಪ್ಪ ಎರಡು ದಿನ ಹೋಗಿ ನಿಲ್ಲಿಸಿದರು. “ಮರಾಠಿಯೊಳಗ ಎಣಿಸ್ತಾರಪಾ, ನಾ ಎಲ್ಲಿ ನಿಲ್ಲಿಸಬೇಕು ತಿಳಿಯಂಗಿಲ್ಲ” ಎಂದರು. ನಕ್ಕುಬಿಟ್ಟೆ, ಆಮೇಲೆ ನಗು ಬರಲಿಲ್ಲ. ಊರಿನಿಂದ ಮಕ್ಕಳ ಮನೆಗೆ ಬಂದ ಎಷ್ಟು ಕನ್ನಡದ ಅಜ್ಜಂದಿರು, ಅಜ್ಜಿಯರು ಈ ಒಂದು ಕಾರಣಕ್ಕೇ ಕಿಟಕಿಯ ಬಳಿ ಕೂತಿರಬಹುದು!

ಹೀಗಾಗಿ ವೈದ್ಯರಿಗೆ ತೋರಿಸಿ, ಒಪ್ಪಿಗೆ ಪಡೆದು, ಪರಿಚಯದ ನಾಲ್ಕು ಮನೆಯವರನ್ನು ಕೂಡಿಸಿದೆವು. ಮಂಗಳವಾರ, ಶುಕ್ರವಾರ ಬೆಳಗ್ಗೆ ಏಳಕ್ಕೆ, ನಾನು ಕಚೇರಿಗೆ ಹೊರಡುವ ಮೊದಲು, ಅರ್ಧ ಗಂಟೆ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದು, ಗೋಡೆ ಹಿಡಿದು ತುದಿಗಾಲ ಮೇಲೆ ನಿಲ್ಲುವುದು, ಜೋಳದ ಹಿಟ್ಟಿನ ಎರಡು ಕಿಲೋ ಚೀಲ ಎತ್ತುವುದು, ಇಷ್ಟೇ. ಮೊದಲ ದಿನ ಅಪ್ಪ, “ನನ್ನ ಇನ್ನ ಜಾತ್ರಿ ಕುಸ್ತಿಗೆ ಬಿಡಾಂವ ಏನು?” ಎಂದು ರೇಗಿದರು. ಆಗ ಕೈ ಊರದೆ ಒಂದು ಸಲವೂ ಏಳಲಾಗುತ್ತಿರಲಿಲ್ಲ. ಏಳು ತಿಂಗಳಾದ ಮೇಲೆ ಈಗ ಎಂಟು ಸಲ ಏಳುತ್ತಾರೆ. ಬಚ್ಚಲಿಗೆ ಒಬ್ಬರೇ ಹೋಗುತ್ತಾರೆ. ಎಣಿಸುವ ಕೆಲಸವೂ ಅವರದೇ, ಕನ್ನಡದಲ್ಲಿ.

ಪ್ಲಾಸ್ಟಿಕ್ ಕುರ್ಚಿಗಳು ಜಾರುವುದರಿಂದ ಸದ್ಯ ಗೋಡೆಗೆ ಒತ್ತಿಟ್ಟು ನಡೆಸಿದ್ದೇವೆ. ಕೈಯಿಲ್ಲದ ಗಟ್ಟಿ ಮರದ ಕುರ್ಚಿಗಳು ಯಾರ ಮನೆಯಲ್ಲಾದರೂ ಉಪಯೋಗವಿಲ್ಲದೆ ಬಿದ್ದಿದ್ದರೆ ತಿಳಿಸಿ. ಒಯ್ಯಲು ನಾವೇ ಬರುತ್ತೇವೆ.